ಹೆಣದ ಪಾತ್ರ

ಅಂದಾನಪ್ಪ ಮಾಸ್ತರರ ನಾಟಕ ಕಂಪನಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅಭಿನಯಿಸುತ್ತಿದ್ದದ್ದು ಹೆಣ.

ರಾಜನ ಕಿರೀಟ ಜಾರುತ್ತಿತ್ತು. ಮಂತ್ರಿ ಮಾತು ಮರೆಯುತ್ತಿದ್ದ. ಹೆಣ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅದರ ಹಣೆ ಸುಕ್ಕಾಗುತ್ತಿರಲಿಲ್ಲ. ಯಲ್ಲಾಪುರದ ವಕೀಲರೊಬ್ಬರು ಎದ್ದು ನಿಂತು, ‘ಇಂಥ ಹೆಣವನ್ನು ನಾನು ಮುಂಬಯಿಯಲ್ಲೂ ನೋಡಿಲ್ಲ’ ಎಂದು ಚಪ್ಪಾಳೆ ತಟ್ಟಿದ್ದರು.

ಹೆಣಕ್ಕೆ ಎರಡು ವರ್ಷ. ಹೆಸರು ದೇವಿ. ರಾಣಿಯ ಪಾತ್ರ ಮಾಡುವ ದುರ್ಗಮ್ಮನ ಮಗಳು.

ಮಗಳು ಅನ್ನುವುದು ಗುಟ್ಟು. ಹ್ಯಾಂಡ್‌ಬಿಲ್ಲಿನಲ್ಲಿ ‘ಮಿಸ್ ದುರ್ಗಾಬಾಯಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತಿತ್ತು. ‘ಮಿಸ್ ಅಂದ್ರ ಮಂದಿ ಥಿಯೇಟರಿಗೆ ಬರ್ತಾರ. ಅವ್ವ ಅಂದ್ರ ತಮ್ಮ ತಮ್ಮ ಮನೀಗೆ ಹೋಗ್ತಾರ’ ಎಂದು ಮಾಸ್ತರರು ಹೇಳುತ್ತಿದ್ದರು. ಊರವರು ಕೇಳಿದರೆ ದೇವಿ ಕಂಪನಿಯ ಅಡುಗೆಯ ಅನ್ನಪೂರ್ಣವ್ವನ ಮೊಮ್ಮಗಳು. ಬೀದಿಯಲ್ಲಿ ಕೂಸು ‘ಅವ್ವಾ’ ಅಂದರೆ ದುರ್ಗಮ್ಮ ತಿರುಗಿ ನೋಡಬಾರದು. ಅವಳು ಎಲ್ಲರೆದುರು ತಾಯಿಯಾಗಬಹುದಾದ ಜಾಗ ರಂಗವೊಂದೇ. ಅಲ್ಲೂ ಕೂಸು ಸತ್ತಿರಬೇಕು.

ಕೂಸಿನ ಅಪ್ಪ ಇದೇ ಕಂಪನಿಯಲ್ಲಿ ಯುವರಾಜನ ಪಾತ್ರದಲ್ಲಿದ್ದ. ದುರ್ಗಮ್ಮ ಬಸುರಿ ಅಂತ ತಿಳಿದ ವಾರವೇ ಬೇರೆ ಕಂಪನಿ ಸೇರಿದ. ಅಲ್ಲೂ ಯುವರಾಜನೇ. ಯುವರಾಜರಿಗೆ ಎಲ್ಲ ಕಡೆ ಬೇಡಿಕೆ. ಅವನನ್ನು ಯಾರೂ ‘ಮಿಸ್’ ಅನ್ನಬೇಕಾಗಲಿಲ್ಲ.

ನಾಟಕದ ಹೆಸರು ‘ಸತ್ಯಧ್ವಜ’. ಬರೆದವರು ಮಾಸ್ತರರೇ, ರಾಜನ ಪಾತ್ರವೂ ಅವರದೇ. ಇದು ಯಾವ ಪುರಾಣದಲ್ಲೂ ಇಲ್ಲ ಎಂದು ಶಾಸ್ತ್ರಿಗಳೊಬ್ಬರು ಆಕ್ಷೇಪಿಸಿದಾಗ, ‘ಅದಕ್ಕೇ ಸ್ವತಂತ್ರ ನಾಟಕ ಅಂತ ಹಾಕೇವ್ರಿ’ ಅಂದರು. ಕೊಟ್ಟ ಮಾತಿಗೆ ಸಿಕ್ಕಿಬಿದ್ದ ರಾಜ ಸತ್ಯಧ್ವಜ ರಾಜ್ಯ ಕಳೆದುಕೊಂಡು ಸುಂಕದ ಕಟ್ಟೆಯ ಕಾವಲುಗಾರನಾಗುತ್ತಾನೆ. ರಾಣಿ ಯಾರದೋ ಮನೆಯಲ್ಲಿ ಭತ್ತ ಕುಟ್ಟುತ್ತಾಳೆ. ತೊಟ್ಟಿಲಲ್ಲಿದ್ದ ಕೂಸಿಗೆ ಹಾವು ಕಚ್ಚುತ್ತದೆ. ಹೆಣ ಎತ್ತಿಕೊಂಡು ಸುಡುಗಾಡಿಗೆ ಹೊರಟ ರಾಣಿಯನ್ನು ಗಂಡನೇ ಅಡ್ಡಗಟ್ಟಿ ಹೆಣಕ್ಕೂ ಸುಂಕ ಕೇಳುತ್ತಾನೆ. ಅವಳು ತಾಳಿ ಬಿಚ್ಚಿ ಕೊಡುತ್ತಾಳೆ. ಆಗ ಮೇಲಿನಿಂದ ಹಗ್ಗದಲ್ಲಿ ಈಶ್ವರ ಇಳಿದು ‘ಏಳು ಮಗೂ’ ಅನ್ನುತ್ತಾನೆ. ಪರದೆ ಬೀಳುತ್ತದೆ. ಈಶ್ವರನ ಪಾತ್ರಧಾರಿಯ ಹೆಸರು ವಿಘ್ನೇಶ್ವರ. ಮಗನೇ ಅಪ್ಪನ ವೇಷ ಕಟ್ಟಿದ ಹಾಗೆ.

ಮೊದಲು ಹೆಣಕ್ಕೆ ಕಟ್ಟಿಗೆಯ ಗೊಂಬೆ ಇತ್ತು. ಒಮ್ಮೆ ದುಃಖದ ಪದ ತಾರಕಕ್ಕೇರಿದಾಗ ಗೊಂಬೆಯ ತಲೆ ಕಳಚಿ ಉರುಳಿ ಮುಂದಿನ ಕುರ್ಚಿಯಲ್ಲಿದ್ದ ಮಾಮಲೇದಾರರ ಬೂಟಿನ ಹತ್ತಿರ ನಿಂತಿತು. ಅವರು ಅದನ್ನೆತ್ತಿ ವಿನಯದಿಂದ ರಾಣಿಗೆ ವಾಪಸು ಕೊಟ್ಟರು. ಆ ಊರಲ್ಲಿ ಮತ್ತೆ ಯಾರೂ ಅಳಲಿಲ್ಲ.

ಮರುದಿನ ಮಾಸ್ತರರು ನಶ್ಯ ಏರಿಸುತ್ತ ದುರ್ಗಮ್ಮನ ಕಂಕುಳಲ್ಲಿದ್ದ ಕೂಸನ್ನು ನೋಡಿದರು. ಬಹಳ ಹೊತ್ತು ನೋಡಿದರು.

‘ಮನ್ಯಾಗ ಕೂಸು ಇಟಗೊಂಡು ಗೊಂಬಿ ಯಾಕ?’

‘ಇದು ಸುಮ್ಮನ ಮಲಗೂದುಲ್ರೀ ಮಾಸ್ತರ. ದೀಪ ಕಂಡ್ರ ಕುಣೀತೈತಿ.’

‘ಮಲಗತೈತಿ. ನಾ ಮಲಗಸ್ತೀನಿ.’

ಸಂಜೆ ಅಂಗಡಿಯಿಂದ ಅಫೀಮಿನ ಗುಳಿಗೆ ಬಂತು. ಸಾಸಿವೆಗಿಂತ ತುಸು ದೊಡ್ಡದು. ದುರ್ಗಮ್ಮ ಹೆದರಲಿಲ್ಲ. ಅದು ಅವಳ ತಪ್ಪು, ಆದರೆ ಆ ತಪ್ಪು ಅವಳೊಬ್ಬಳದಲ್ಲ. ಅವಳು ನಂದೊಳ್ಳಿಯವಳು. ನಾಟಿಯ ಕಾಲದಲ್ಲಿ ಅಲ್ಲಿನ ಕೂಲಿ ಹೆಂಗಸರು ಕೂಸಿನ ನಾಲಗೆಗೆ ಚೂರು ಅಫೀಮು ಸವರಿ ಬದುವಿನ ಮೇಲೆ ಮಲಗಿಸಿ ಕೆಸರಿಗಿಳಿಯುತ್ತಿದ್ದರು. ಅವಳೂ ಹಾಗೆ ಮಲಗಿ ಎದ್ದವಳೇ. ಏಳದೆ ಹೋದ ಕೂಸುಗಳು ‘ನಾನೂ ಮಲಗಿದ್ದೆ’ ಎಂದು ಹೇಳಲು ಉಳಿದಿರಲಿಲ್ಲ.

ಹೀಗೆ ಕಂಪನಿಗೆ ಒಳ್ಳೆಯ ಹೆಣ ಸಿಕ್ಕಿತು. ಈಶ್ವರ ಏಳು ಅಂದ ಕೂಡಲೇ ಪರದೆ ಬೀಳುತ್ತಿತ್ತು. ಬೀಳುವುದು ಪರದೆಯ ಕೆಲಸ. ಏಳುವುದು ಯಾರ ಕೆಲಸವೂ ಆಗಿರಲಿಲ್ಲ. ದುರ್ಗಮ್ಮ ಬಣ್ಣ ಒರೆಸಿಕೊಂಡು, ಜಡವಾದ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಿಡಾರಕ್ಕೆ ಹೋಗುತ್ತಿದ್ದಳು. ಮರುದಿನ ಹೊತ್ತೇರಿದ ಮೇಲೆ ಕೂಸು ಕಣ್ಣು ತೆರೆಯುತ್ತಿತ್ತು. ಮೊದಮೊದಲು ಬೆಳಿಗ್ಗೆ. ಆಮೇಲೆ ಊಟದ ಹೊತ್ತಿಗೆ. ಕೂಸು ಬೆಳೆಯುತ್ತಿದೆಯೆಂದು ಮಾಸ್ತರರು ಗುಳಿಗೆಯನ್ನೂ ಬೆಳೆಸಿದ್ದರು.

ಎಚ್ಚರವಿದ್ದಷ್ಟು ಹೊತ್ತು ತಾಯಿ ಮಗಳಿಗೆ ಒಂದೇ ಆಟ. ದುರ್ಗಮ್ಮ ಅನ್ನದ ತುತ್ತು ಕೈಯಲ್ಲಿ ಹಿಡಿದು ಮಾಸ್ತರರಾಗುತ್ತಿದ್ದಳು. ಹೊಟ್ಟೆ ಮುಂದೆ ಬರುತ್ತಿತ್ತು. ಮೂಗು ಮೇಲೇರುತ್ತಿತ್ತು. ‘ಎಲೈ ಅಬಲೆಯೇ! ನಿಲ್ಲು! ಸ್ಞಂ... ಸುಂಕವನ್ನು ಸಲ್ಲಿಸು!’ ಮಧ್ಯದಲ್ಲಿ ನಶ್ಯ ಏರಿಸುವ ಆ ‘ಸ್ಞಂ’ಗೆ ದೇವಿ ಬಿಕ್ಕಳಿಕೆ ಬರುವಷ್ಟು ನಗುತ್ತಿದ್ದಳು. ಅಣಕಿಸುವುದು ದುರ್ಗಮ್ಮನಿಗೆ ಹುಟ್ಟಿನಿಂದ ಬಂದದ್ದು. ನಂದೊಳ್ಳಿಯಲ್ಲಿ ಗದ್ದೆಯೊಡೆಯನ ಕೆಮ್ಮನ್ನು ಅಣಕಿಸಿದಾಗ ಮೊದಲ ಬಹುಮಾನ ಬೆನ್ನ ಮೇಲೆ ಬಿದ್ದಿತ್ತು. ಬರಲಿನ ಏಟಿನ ಗುರುತು ಇನ್ನೂ ಇತ್ತು. ರಾಣಿಯ ಕುಪ್ಪಸ ಅದನ್ನು ಮುಚ್ಚುತ್ತಿತ್ತು.

ಆ ಬೆನ್ನು ನೆಟ್ಟಗೆ ನಿಲ್ಲುತ್ತಿದ್ದುದು ರಂಗದ ಮೇಲೆ. ಗದ್ದೆಯಲ್ಲಿ ಬಗ್ಗಿದ್ದು ಗಂಜಿಯ ಹೊತ್ತಿಗೆ ಮಾತ್ರ ಏಳುತ್ತಿತ್ತು. ಅವಳು ದನಿ ಎತ್ತಿದರೆ ಎಲೆಯಡಿಕೆ ಅಗಿಯುವ ಬಾಯಿಗಳು ನಿಲ್ಲುತ್ತಿದ್ದವು. ಅದನ್ನು ಬಿಟ್ಟು ಮತ್ತೆ ಕೆಸರಿಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಯಾಕಿರಬೇಕು?

ಕಂಪನಿ ಶಿರಸಿಗೆ ಬಂತು. ರಾಣಿಯ ಜೊತೆ ಕಣ್ಣೀರು ಹಾಕಿದ ಊರು ರಾಣಿಗೆ ಬಾಡಿಗೆಗೆ ಮನೆ ಕೊಡಲಿಲ್ಲ. ಒಂದು ಮನೆಯವರು ನಾಟಕ ಬಹಳ ಚೆನ್ನಾಗಿದೆ ಎಂದು ಹೊಗಳಿ, ಅವಳು ನಿಂತಿದ್ದ ಜಗಲಿಗೆ ನೀರು ಹಾಕಿದರು. ಕಡೆಗೆ ಹಿತ್ತಿಲ ಕೋಣೆ ಬಿಟ್ಟುಕೊಟ್ಟವಳು ಬದ್ರುನ್ನಿಸಾ. ಅವಳ ಗಂಡ ರಸೂಲನ ಲಾರಿಯಲ್ಲೇ ಕಂಪನಿಯ ಪರದೆ, ಪೆಟ್ಟಿಗೆಗಳು ಊರೂರು ತಿರುಗುತ್ತಿದ್ದವು.

ಒಂದು ದಿನ ಊಟದ ಹೊತ್ತು ಕಳೆಯಿತು. ದೇವಿ ಏಳಲಿಲ್ಲ. ಬದ್ರುನ್ನಿಸಾ ಅಕ್ಕಿ ಆರಿಸುತ್ತ ಬಾಗಿಲಲ್ಲಿ ಇಣುಕಿದಳು.

‘ಎಂತ ಮಾರಾಯ್ತಿ, ಕೂಸು ಇನ್ನೂ ಎದ್ದಿಲ್ವಾ?’

‘ರಾತ್ರಿ ಆಟ ಇತ್ತಲ್ಲ ಅಕ್ಕಾ. ದಣದೈತಿ.’

‘ಅದೆಂತ ಕುಣಿದಿತ್ತು ದಣೀಲಿಕ್ಕೆ? ಹೆಣ ಆಗಿತ್ತಲ್ಲ.’

ಬದ್ರುನ್ನಿಸಾ ಒಳಗೆ ಬಂದು ಕೂಸಿನ ರೆಪ್ಪೆ ಎತ್ತಿದಳು. ತುಟಿ ನೋಡಿದಳು. ಮೊರ ಕೈಯಿಂದ ಬಿತ್ತು.

‘ಯಾ ಅಲ್ಲಾ! ಇದು ನಿದ್ದೆ ಅಲ್ಲ. ಎಂತ ಕೊಟ್ಟಿದೀ ಇದಕ್ಕೆ? ನಮ್ಮ ಅಕ್ಕನ ಕೂಸು ಹೀಗೇ ಮಲಗಿತ್ತು. ಮಲಗಿದ್ದೇ ಆಯ್ತು. ಎತ್ಕೋ! ಎತ್ಕೋ ಅಂದ್ರೆ!’

ಇಬ್ಬರೂ ಸೇರಿ ಎಬ್ಬಿಸಲು ನಿಂತರು. ಮುಖಕ್ಕೆ ನೀರು ಹೊಡೆದರು. ಅಂಗಾಲಿಗೆ ತಟ್ಟಿದರು. ಹೆಗಲಿನಿಂದ ಹೆಗಲಿಗೆ ಬದಲಿಸಿಕೊಂಡು ಹಿತ್ತಿಲಲ್ಲಿ ಓಡಾಡಿದರು. ಕೂಸಿನ ಕುತ್ತಿಗೆ ನಿಲ್ಲುತ್ತಿರಲಿಲ್ಲ. ದುರ್ಗಮ್ಮನಿಗೆ ಗೊಂಬೆಯ ತಲೆ ನೆನಪಾಯಿತು. ತಟ್ಟಿ ತಟ್ಟಿ ಅವಳ ಅಂಗೈ ಉರಿಯಿತು. ಕೂಸಿನ ಅಂಗಾಲು ಕೆಂಪಾಯಿತು. ಕೂಸಿಗೆ ಅದು ಗೊತ್ತೇ ಆಗಲಿಲ್ಲ.

ಬಿಸಿಲು ಇಳಿಯುವಾಗ ದೇವಿ ವಾಂತಿ ಮಾಡಿಕೊಂಡಳು. ಆಮೇಲೆ ಸಣ್ಣಗೆ ಅತ್ತಳು. ಬದ್ರುನ್ನಿಸಾ ನೆಲದ ಮೇಲೆ ಕೂತು ಗೋಳೋ ಎಂದು ಅತ್ತಳು. ದುರ್ಗಮ್ಮನಿಗೆ ಅಳು ಬರಲಿಲ್ಲ. ದಿನಾ ಅಳುವ ಕೆಲಸ ಮಾಡುವವಳು ಅವಳು. ಅವತ್ತು ಆಟ ಇರಲಿಲ್ಲ.

ಅವಳು ಸೀದಾ ಮಾಸ್ತರರ ಬಿಡಾರಕ್ಕೆ ಹೋದಳು. ಅವರು ಬೋಳು ತಲೆಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು.

‘ಇನ್ನ ಕೂಸಿಗೆ ಗುಳಿಗಿ ಕೊಡೂದುಲ್ರೀ.’

‘ಎದ್ದೈತಿಲ್ಲೋ?’

‘ಎದ್ದೈತಿ.’

‘ಮತ್ತ?’

ಅವರೇ ಮುಂದುವರಿಸಿದರು. ‘ನಾಡದು ಹೆಂಗಸರ ಹಗಲಾಟ ಐತಿ. ಬರೇ ಹೆಂಗಸರು. ಅಳಾಕಂತ ಮನೀಂದ ತಯಾರಾಗಿ ಬರ್ತಾರ. ಅವರ ಮುಂದ ಗೊಂಬಿ ಹಿಡದ್ರ ಕಂಪನಿ ಮಾನ ಉಳೀತೈತೇನು? ನಿನಗ ಕೂಸು ಬೇಕೋ, ಪಾತ್ರ ಬೇಕೋ, ಒಂದು ಹೇಳು. ಹಾರ್ಮೋನಿಯಂ ಪೆಟ್ಟಿಗಿ ಮಾಸ್ತರನ ತಂಗಿ ಮಗಳು ಹಾವೇರ್‍ಯಾಗ ಕುಂತಾಳ. ಕರದ್ರ ಬರ್ತಾಳ. ಆಕಿ ಖರೇವಂದ್ರೂ ಮಿಸ್.’

‘ನಿಮಗೂ ಮಕ್ಕಳದಾವು. ನಿಮಗ ಯಾರೂ ಹಿಂಗ ಕೇಳಲಿಲ್ಲಲ್ರೀ?’

‘ನಾ ಗಂಡಸು.’

ಪುರಾವೆಗೆ ಮಾಸ್ತರರು ಎದೆ ತಟ್ಟಿಕೊಂಡರು. ಎಣ್ಣೆ ಚಿಮ್ಮಿತು.

ಹಗಲಾಟದ ದಿನ ತಗಡಿನ ಥಿಯೇಟರು ತುಂಬಿತು. ನಾಟಕ ಶುರುವಾಗುವ ಮೊದಲೇ ಇಡೀ ಥಿಯೇಟರು ಅಳುತ್ತಿತ್ತು. ಕಂಕುಳಿಗೊಂದು, ಸೆರಗಿಗೊಂದು ಎಂದು ಹೆಂಗಸರು ಮಕ್ಕಳನ್ನು ತಂದಿದ್ದರು. ಯಾರಿಗೂ ಯಾರೂ ಗುಳಿಗೆ ಹಂಚಲಿಲ್ಲ. ಕಾಸು ಕೊಟ್ಟು ಬಂದವರ ಮಕ್ಕಳು ಅಳಬಹುದು.

ಬಣ್ಣದ ಕೋಣೆಯಲ್ಲಿ ಮಾಸ್ತರರು ಗುಳಿಗೆ ಕೊಟ್ಟರು. ‘ಹಾಲಿನ್ಯಾಗ ಹಾಕು. ನನ್ನೆದುರಿಗೇ ಹಾಕು’ ಅಂದರು. ಅಷ್ಟರಲ್ಲಿ ಅವರ ಪ್ರವೇಶದ ಗಂಟೆ ಹೊಡೆಯಿತು. ಬೇರೆಯವರ ಮಕ್ಕಳು ಸಾಯಲಿ, ಅವರ ಪ್ರವೇಶ ತಪ್ಪಬಾರದು. ಓಡಿದರು. ದುರ್ಗಮ್ಮ ಗುಳಿಗೆಯನ್ನು ತನ್ನ ಸುಣ್ಣದ ಡಬ್ಬಿಗೆ ಹಾಕಿ ಮುಚ್ಚಿದಳು. ಬರೀ ಹಾಲು ಕುಡಿಸಿದಳು.

‘ಕಣ್ಣು ಮುಚ್ಚಿ ಮಲಗತೀ ಏನ ಚಿನ್ನಾ?’

‘ಹೂಂ’ ಅಂದಳು ದೇವಿ, ಕಣ್ಣು ಅಗಲಿಸಿ.

ಮಲಗುವುದಿಲ್ಲವೆಂದು ದುರ್ಗಮ್ಮನಿಗೆ ಗೊತ್ತಿತ್ತು. ಮುಂದೇನೆಂದು ಗೊತ್ತಿರಲಿಲ್ಲ. ರಾಣಿಯಾಗಿ ಭತ್ತ ಕುಟ್ಟಿದಳು. ಮಾಸ್ತರರಿಗೆ ಸಹಜತೆಯ ಹುಚ್ಚು. ಒನಕೆ ನಿಜದ್ದು, ಭತ್ತವೂ ನಿಜದ್ದು, ಆ ಅಕ್ಕಿಯನ್ನು ಕಂಪನಿ ಸಂಜೆ ಬೇಯಿಸುತ್ತಿತ್ತು. ಹಾವು ಬಂತು. ಕೂಸು ಸತ್ತಿತು. ಬಿಳಿ ಬಟ್ಟೆ ಹೊದಿಸಿದ ಮಗಳನ್ನು ಎರಡೂ ಕೈಯಲ್ಲಿ ಹೊತ್ತು ಅವಳು ಸುಂಕದ ಕಟ್ಟೆಯ ಮುಂದೆ ಬಂದಳು. ಬಟ್ಟೆಯೊಳಗೆ ಎರಡು ಕಾಲು ಸೈಕಲ್ ತುಳಿಯುತ್ತಿದ್ದವು.

ಮಾಸ್ತರರು ದೊಣ್ಣೆ ಅಡ್ಡ ಹಿಡಿದು ಗುಡುಗಿದರು.

‘ಎಲೈ ಅಬಲೆಯೇ! ನಿಲ್ಲು! ಸ್ಞಂ...’

ಹೆಣ ನಕ್ಕಿತು.

ಸಣ್ಣ ನಗುವಲ್ಲ. ದಿನವೂ ಕೋಣೆಯಲ್ಲಿ ಆಡುವ ಆಟವನ್ನು ಇವತ್ತು ಈ ಮಾಮನೇ ಖುದ್ದಾಗಿ, ಗಡ್ಡ ಕಟ್ಟಿಕೊಂಡು ಆಡುತ್ತಿದ್ದಾನೆ. ಹೆಣ ಬಟ್ಟೆ ಕಿತ್ತೆಸೆದು ಎದ್ದು ಕೂತು, ‘ಇನ್ನೊಮ್ಮೆ!’ ಅಂದಿತು.

 ಅಳುತ್ತಿದ್ದ ಮಕ್ಕಳೂ ಅಳು ನಿಲ್ಲಿಸಿ ನೋಡಿದವು.

 ತಾವು ಬರೆದ ಮಾತು ಬಿಟ್ಟು ಬೇರೆ ಮಾತು ಮಾಸ್ತರರ ಬಾಯಿಗೆ ಬರುತ್ತಿರಲಿಲ್ಲ. ಬರೆದದ್ದನ್ನೇ ಇನ್ನಷ್ಟು ಜೋರಾಗಿ ಹೇಳಿದರು.

‘ಈ ಹೆಣಕ್ಕೆ ಸಲ್ಲತಕ್ಕ ಸುಂಕವನ್ನು ಸಲ್ಲಿಸದೆ ಮುಂದೆ ಅಡಿ ಇಡಕೂಡದು!’

ದುರ್ಗಮ್ಮ ತಾಳಿಗೆ ಕೈ ಹಾಕಬೇಕಿತ್ತು. ಹಾಕಿದಳು. ಕಟ್ಟಿಗೆಯ ಮಣಿ, ಹಳದಿ ದಾರ. ಕೈ ಅಲ್ಲೇ ನಿಂತಿತು. ಬಿಚ್ಚಲಿಲ್ಲ.

‘ಕೊಡೂದುಲ್ಲ’ ಅಂದಳು.

‘ಏನು? ಸ್ಞಂ... ಹೆಣದ ಸುಂಕವನ್ನು...’

‘ಹೆಣ ಎಲ್ಲೈತ್ರೀ? ನನ್ನ ಕೂಸು ಸತ್ತಿಲ್ಲ. ಸಾಯಾಕ ಬಿಡೂದೂ ಇಲ್ಲ.’

ಮಾಸ್ತರರು ಗಡ್ಡದ ಹಿಂದಿನಿಂದ ಪಿಸುಗುಟ್ಟಿದರು. ‘ಮಲಗಸು ಅದನ್ನ, ಬೋಸುಡಿ! ಬಾಯಿ ಒತ್ತಿ ಹಿಡಿ!’

ಮಾಸ್ತರರ ಪಿಸುಮಾತು ಕೊನೆಯ ಸಾಲಿಗೆ ಮುಟ್ಟುತ್ತಿತ್ತು. ಅದು ಅವರ ಕೀರ್ತಿ.

ಮುಂದಿನ ಚಾಪೆಯಲ್ಲಿ ಬಿಳಗಿಯ ಕಡೆಯಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬಳಿದ್ದಳು. ಕರನಿರಾಕರಣೆಯ ವರ್ಷ ಸರಕಾರದವರು ಅವಳ ಮನೆಯ ಹಂಡೆಯನ್ನು ಜಪ್ತಿ ಮಾಡಿ ಒಯ್ದಿದ್ದರು. ಅವಳು ಎದ್ದು ನಿಂತಳು.

‘ಅಯ್ಯೋ, ಕೂಸು ಜೀವ ಇದ್ದು! ನಗ್ತಾ ಇದ್ದು! ನಿಂಗೆ ಕಣ್ಣು ಕಾಣ್ತಿಲ್ಯ? ಜೀವ ಇದ್ದ ಕೂಸಿಗೆ ಎಂತಾ ಸುಂಕ? ಕೊಡಡ ತಂಗಿ, ಕೊಡಡ! ಎಂಗಳ ಮನೆ ಹಂಡೆ ತಗಂಡು ಹೋದ, ಇನ್ನೂ ಕೊಟ್ಟಿದ್ವಿಲ್ಲೆ!’

‘ಕೊಡಡ! ಕೊಡಬೇಡ!’ ಅಂದಿತು ಹಿಂದಿನ ಸಾಲು.

ಮೇಲೆ ಹಗ್ಗದಲ್ಲಿ ವಿಘ್ನೇಶ್ವರ ಕಾಯುತ್ತಿದ್ದ. ತಾಳಿ ಬಿಚ್ಚಿದಾಗ ಇಳಿಸಬೇಕೆಂದು ಹಗ್ಗದ ಚೌಡನಿಗೆ ಹೇಳಿತ್ತು. ತಾಳಿ ಬಿಚ್ಚಲಿಲ್ಲ. ಚೌಡ ಇಳಿಸಲಿಲ್ಲ. ಹಗ್ಗ ಕಂಕುಳು ಕೊರೆಯುತ್ತಿತ್ತು. ಈಶ್ವರ ತಡೆಯಲಾರದೆ ಅಲ್ಲಿಂದಲೇ ಕೂಗಿದ: ‘ಏಳು ಮಗೂ!’

‘ಎದ್ದಾತೋ ಮಾರಾಯಾ, ನೀ ಇಳಿ!’ ಅಂದಳು ಅಜ್ಜಿ.

ನಗೆ ತಗಡಿಗೆ ಬಡಿಯಿತು. ದುರ್ಗಮ್ಮ ನಗಲಿಲ್ಲ. ಅವಳು ಕೂಸನ್ನು ಸೊಂಟಕ್ಕೇರಿಸಿಕೊಂಡು ದೀಪಗಳ ಹತ್ತಿರ ಬಂದಳು. ಬರೆದುಕೊಟ್ಟ ಮಾತುಗಳಿಲ್ಲದೆ ಅವಳು ರಂಗದ ಮೇಲೆ ನಿಂತದ್ದು ಅದೇ ಮೊದಲು. 

‘ಅವ್ವಂದಿರಾ, ಇದು ನನ್ನ ಹೊಟ್ಟೀಲೆ ಹುಟ್ಟಿದ ಕೂಸು. ನಾ ಮಿಸ್ ಅಲ್ಲ. ದಿನಾ ಇದಕ್ಕ ಅಫೀಮು ಹಾಕಿ ಹೆಣ ಮಾಡ್ತಿದ್ವಿ. ನಾನೂ ಹಾಕೇನಿ. ಮೊನ್ನೆ ಏಳದ ಹೋಗೂದಿತ್ತು. ನೀವು ಚಪ್ಪಾಳಿ ಹೊಡದ್ರಿ. ನಿಮಗ ಗೊತ್ತಿದ್ದಿಲ್ಲ. ಈಗ ಗೊತ್ತಾತು.’

ಯಾರೂ ನಗಲಿಲ್ಲ. ಅಫೀಮು ಗೊತ್ತಿರುವ ಹೆಂಗಸರೂ ಅಲ್ಲಿದ್ದರು. ಅವರು ತಮ್ಮ ತಮ್ಮ ಕೂಸುಗಳ ಮುಖ ನೋಡಿಕೊಂಡರು.

ಮಾಸ್ತರರು ಮತ್ತೆ ದೊಣ್ಣೆ ಅಡ್ಡ ಹಿಡಿದರು. ಅವರಿಗೆ ಗೊತ್ತಿದ್ದ ಅಭಿನಯ ಅದೊಂದೇ. ದುರ್ಗಮ್ಮ ದೊಣ್ಣೆಯನ್ನು ಕೈಯಿಂದ ಎತ್ತಿ ಅದರ ಕೆಳಗೆ ನುಸುಳಿದಳು. ಮೆಟ್ಟಿಲಿಳಿದು ಚಾಪೆಯ ಹತ್ತಿರ ಬಂದು ನಿಂತಳು. ಅವಳು ನಿಂತ ಜಗಲಿಗೆ ನೀರು ಹಾಕಿಸಿದ ಹೆಂಗಸೂ ಆ ಚಾಪೆಯಲ್ಲಿದ್ದಳು. ತುಸು ಯೋಚಿಸಿದಳು. ಆಮೇಲೆ ಸರಿದು ಜಾಗ ಕೊಟ್ಟಳು. ಮೈಗೆ ತಾಗದಷ್ಟು ಜಾಗ. ಆದರೂ ಜಾಗ.

ರಾಣಿ ಕೂತು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ರಂಗದ ಕಡೆ ನೋಡಿದಳು.

‘ಹೂಂ, ಮುಂದ ನಡಸ್ರಿ ಮಾಸ್ತರ. ನೋಡ್ತೀವಿ.’

ಮುಂದೆ ನಡೆಸಲು ಏನೂ ಇರಲಿಲ್ಲ. ಪರದೆ ಬಿತ್ತು. ಈಶ್ವರ ಪರದೆಯ ಈಚೆ ಉಳಿದ.

ಮರುದಿನ ಕಂಪನಿ ಸಿದ್ದಾಪುರಕ್ಕೆ ಹೊರಡಬೇಕಿತ್ತು. ರಸೂಲ್ ಲಾರಿ ತಂದು ಥಿಯೇಟರಿನ ಹಿಂದೆ ನಿಲ್ಲಿಸಿದ. ಪರದೆಗಳು ಏರಿದವು, ಒನಕೆ ಏರಿತು. ವೇಷದ ಪೆಟ್ಟಿಗೆ ಮಾತ್ರ ಏರಲಿಲ್ಲ. ಅದರ ಮೇಲೆ ದುರ್ಗಮ್ಮ ಕೂತಿದ್ದಳು. ತೊಡೆಯ ಮೇಲೆ ಕೂಸು ಮಲಗಿತ್ತು. ಗಂಜಿ ಉಂಡು, ಹಿತ್ತಿಲಲ್ಲಿ ಬದ್ರುನ್ನಿಸಾಳ ಕೋಳಿ ಅಟ್ಟಿ, ದಣಿದು, ಬಾಯಿ ತೆರೆದುಕೊಂಡು ಮಲಗಿತ್ತು. ಬದ್ರುನ್ನಿಸಾ ಪಕ್ಕದಲ್ಲಿ ಸೆರಗಿನಿಂದ ನೊಣ ಓಡಿಸುತ್ತಿದ್ದಳು. ನೊಣ ಕೂತಾಗಲೆಲ್ಲ ಕೂಸು ಮೂಗು ಸುಕ್ಕು ಮಾಡುತ್ತಿತ್ತು. ಅದನ್ನು ನೋಡಲು ದುರ್ಗಮ್ಮ ಆಗಾಗ ಬದ್ರುನ್ನಿಸಾಳ ಕೈ ತಡೆಯುತ್ತಿದ್ದಳು.

ಮಾಸ್ತರರು ಬಂದರು. ಬೈದು ಬಿಡಬೇಕೆಂದೇ ಬಂದಿದ್ದರು. ಆದರೆ ಬೆಳಗಿನಿಂದ ಊರಿನ ಬಾಯಲ್ಲೆಲ್ಲ ನಕ್ಕ ಹೆಣದ್ದೇ ಮಾತು. ಅವರು ವ್ಯಾಪಾರ ಬಲ್ಲವರು.

‘ಆಗಿದ್ದಾತು. ನಾ ಮನಸಿನ್ಯಾಗ ಇಟಗೊಳ್ಳೂದುಲ್ಲ. ಮಂದೀಗೆ ಹಿಡಸೇತಿ. ನಾಟಕ ಬದಲ ಮಾಡೇನಿ. ಸಿದ್ದಾಪುರದಾಗ ಹೆಣ ನಗಬೇಕು. ದಿನಾ ಅದೇ ಜಾಗಾಕ್ಕ ನಗಬೇಕು.’

‘ನಗು ಬಂದ್ರ ನಗತೈತಿ, ಇಲ್ಲಂದ್ರ ಇಲ್ಲ.’

‘ಹಂಗಂದ್ರ ಹೆಂಗ? ನಗಸಾಕ ಏನರ ಗುಳಿಗಿ...’

ದುರ್ಗಮ್ಮ ಸುಣ್ಣದ ಡಬ್ಬಿ ತೆಗೆದಳು. ಸುಣ್ಣ ಅಂಟಿದ ಗುಳಿಗೆಯನ್ನು ಬೆರಳಿನಿಂದ ಒರೆಸಿದಳು. ಮಾಸ್ತರರ ಕೈ ಹಿಡಿದು ಅಂಗೈಯಲ್ಲಿಟ್ಟಳು.

‘ಇದ ನಿನ್ನೆ ನೀವು ಕೊಟ್ಟಿದ್ದು. ನೀವ ತಗೋರಿ. ಕೂಸಿನಕಿಂತ ನೀವು ದೊಡ್ಡಾವ್ರು, ಏನೂ ಆಗೂದುಲ್ಲ. ಮಲಗ್ರಿ. ಎದ್ದ ಮ್ಯಾಲ ಮಾತಾಡೋಣು.’

ಮಾಸ್ತರರು ಕೆಂಡ ಬಿದ್ದವರಂತೆ ಕೈ ಝಾಡಿಸಿದರು. ಗುಳಿಗೆ ಮಣ್ಣಿಗೆ ಬಿತ್ತು.

‘ಹುಚ್ಚಿ! ನನ್ನ ಜೀವಕ್ಕೇನರ ಆದ್ರ?’

ಲಾರಿಯ ಮೇಲಿದ್ದವರು ಕೇಳಿದರು. ವಿಘ್ನೇಶ್ವರ ಕೇಳಿದ. ಚೌಡ ಕೇಳಿದ. ಅನ್ನಪೂರ್ಣವ್ವ ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು. ಮಾಸ್ತರರಿಗೂ ತಾವು ಹೇಳಿದ್ದು ತಡವಾಗಿ ಕೇಳಿಸಿತು. ಮೂಗಿಗೆ ಕೈ ಹೋಯಿತು. ನಶ್ಯದ ಡಬ್ಬಿ ಸಿಗಲಿಲ್ಲ.

‘ನಾ ಸಿದ್ದಾಪುರಕ್ಕ ಬರ್ತೀನಿ’ ಅಂದಳು ದುರ್ಗಮ್ಮ. ‘ರಾಣಿ ಪಾತ್ರ ನಂದು. ಹೆಣದ ಪಾತ್ರ ಗೊಂಬೀದು, ತಲಿ ಗಟ್ಟಿ ಬಡಸ್ಕೋರಿ. ಕೂಸು ಒಳಗ ಅನ್ನಪೂರ್ಣವ್ವನ ಹಂತ್ಯಾಕ ಎಚ್ಚರ ಇರತೈತಿ. ಅತ್ರ ಅಳತೈತಿ. ಮಿಸ್ ಅನ್ನೂದು ತಗೀರಿ.’

‘ಇಲ್ಲಂದ್ರ?’

‘ಇಲ್ಲಂದ್ರ ಈ ಪೆಟ್ಟಿಗಿ ಮ್ಯಾಲ ಕುಂತಿರ್ತೀನಿ. ನಿಮ್ಮ ಕಿರೀಟ, ನಿಮ್ಮ ಗಡ್ಡ ಎಲ್ಲಾ ಇದರಾಗ ಅದಾವು.’

‘ಏ ಚೌಡ! ಎಬ್ಬಿಸು ಈಕೀನ್ನ!’

ಚೌಡ ಬಂದ. ಕೂಸನ್ನು ನೋಡಿದ.

‘ಕೂಸು ಮಲಗೇತ್ರಿ’ ಅಂದ. ಹೇಳಿ ಲಾರಿಯ ನೆರಳಲ್ಲಿ ಕೂತ.

ರಸೂಲ್ ಎಂಜಿನ್ ಶುರು ಮಾಡಲು ಹ್ಯಾಂಡಲ್ ಹಿಡಿದಿದ್ದವನು ಹೆಂಡತಿಯ ಮುಖ ನೋಡಿದ. ಹ್ಯಾಂಡಲ್ ಕಳಚಿ ಸೀಟಿನ ಕೆಳಗಿಟ್ಟ. ‘ಗಾಡಿ ಭಾರೀ ಸದ್ದು ಮಾಡ್ತದೆ ಮಾಸ್ತರ್ರೇ. ಕೂಸು ಎದ್ಮೇಲೆ ನೋಡೋಣ’ ಅಂದ.

ಹೀಗೆ ಒಂದು ನಾಟಕ ಕಂಪನಿ, ರಾಜ, ಮಂತ್ರಿ, ಈಶ್ವರ, ಹಾರ್ಮೋನಿಯಂ ಸಮೇತ ಒಂದು ಕೂಸಿನ ನಿದ್ದೆ ಮುಗಿಯುವುದನ್ನು ಕಾಯುತ್ತ ಕೂತಿತು. ಮಾಸ್ತರರು ಸ್ವಲ್ಪ ಹೊತ್ತು ನಿಂತರು. ಆಮೇಲೆ ಅವರೂ ಒಂದು ಕಲ್ಲು ಹುಡುಕಿ ಕೂತರು. ಒಮ್ಮೆ ಬಾಯಿ ತೆರೆದರು. ಅನ್ನಪೂರ್ಣವ್ವ ತುಟಿಗೆ ಬೆರಳಿಟ್ಟಳು. ಮುಚ್ಚಿದರು.

ನೆರಳು ಲಾರಿಯ ಆಚೆ ಬದಿಗೆ ಹೋಯಿತು. ದೇವಿ ಮೈ ಮುರಿದಳು. ಕಣ್ಣು ತೆರೆದಳು. ಅಷ್ಟು ಜನರ ಮುಂದೆ, ‘ಅವ್ವಾ, ಹಸಿವು’ ಅಂದಳು.

ದುರ್ಗಮ್ಮ ‘ಓ’ ಅಂದಳು.

ಕೂಸು ತಾನಾಗಿಯೇ ಎದ್ದಿತ್ತು. ಯಾವ ದೇವರೂ ಏಳು ಅಂದಿರಲಿಲ್ಲ.